ಕೆಂಪು ದಾರ ಕಟ್ಟಿದ ಹೂಜಿಗಳು

ಏಪ್ರಿಲ್ 21

ನನ್ನ ಮದುವೆಯಾಯಿತು, ನನ್ನ ಮದುವೆಯಾಯಿತು, ವಾಲ್ಸೆಂಗ್ ನನ್ನವನಾದ! ಪಾದ್ರಿಗಳ ಪ್ರಾರ್ಥನೆ ಎಷ್ಟು ಉದ್ದವಿತ್ತೆಂದರೆ, ಹೊರಗೆ ಬೇಯುತ್ತಿದ್ದ ಹಂದಿಮಾಂಸದ ವಾಸನೆಗೆ ಮುಂದಿನ ಸಾಲಿನ ಮುದುಕರೆಲ್ಲ ‘ಆಮೆನ್’ ಅನ್ನು ಮುಂಗಡವಾಗಿಯೇ ಹೇಳಿಬಿಟ್ಟರು. ನನಗೆ ನಗು ತಡೆಯಲಾಗಲಿಲ್ಲ. ವಾಲ್ಸೆಂಗ್ ನನ್ನ ಕಿರುಬೆರಳನ್ನು ಹಿಂಡಿದ. ಆ ಬೆರಳನ್ನು ಇವತ್ತು ತೊಳೆಯುವುದಿಲ್ಲ.

ಸಂಜೆ, ನಮ್ಮ ಪದ್ಧತಿಯಂತೆ, ಗಂಡನನ್ನು ಮನೆ ತುಂಬಿಸಿಕೊಂಡೆವು. ಒಂದು ಟ್ರಂಕು, ಒಂದು ಗಿಟಾರು, ಗಾಜಿನ ನಳಿಗೆಗಳು ತುಂಬಿದ ಒಂದು ಬೆತ್ತದ ಬುಟ್ಟಿ, ಇಷ್ಟೇ ಅವನ ಆಸ್ತಿ. ಮೂವತ್ತು ವರ್ಷದ ಹಿಂದೆ ನನ್ನಪ್ಪ, ಆಪಾ, ಇದೇ ಬಿದಿರಿನ ಮೆಟ್ಟಿಲು ಹತ್ತಿ ನನ್ನಮ್ಮ ಆಮಾನ ಮನೆಗೆ ಬಂದಿದ್ದರು. ಈಗ ಅವರ ತಂಗಿಯ ಮಗ ಹತ್ತಿದ. ಆಪಾ ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದರು. ಎಷ್ಟು ಸಂತೋಷವೋ ಅವರಿಗೆ!

“ಅಳಿಯಂದ್ರೇ, ತಲೆ ಬಗ್ಗಿಸಿ ಬನ್ನಿ, ಬಾಗಿಲು ಗಿಡ್ಡ,” ಎಂದರು ಆಮಾನ ಅಣ್ಣ ವಿನ್ನರ್‌ಸನ್ ಮಾಮಾ. “ಒಳಗೆ ಬಂದ್ಮೇಲೆ ಬಗ್ಗಿಸೋದು ತಾನಾಗೇ ರೂಢಿಯಾಗುತ್ತೆ.”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಜುಲೈ ಮೊದಲ ವಾರ ನಾವಿಬ್ಬರೂ ಗುವಾಹಾಟಿಗೆ! ಅಲ್ಲಿನ ಕಾಲೇಜಿನಲ್ಲಿ ಅವನಿಗೆ ಕೆಲಸ ಕಾದಿದೆ. ನಮ್ಮ ಗುಡ್ಡದ ಹೂಜಿಗಿಡಗಳ ಮೇಲೆ ಅವನು ಮಾಡುತ್ತಿರುವ ಪ್ರಯೋಗದ ಫಲಿತಾಂಶ ಒಪ್ಪಿಸಿದರೆ ಆಯಿತು. ಕಿಟಕಿ ತೆರೆದರೆ ಬ್ರಹ್ಮಪುತ್ರ ಕಾಣುವ ಕೋಣೆಯೊಂದನ್ನು ಹಿಡಿದಿಟ್ಟಿದ್ದಾನೆ. ಎರಡೂ ಮನೆತನದವರ ಎದುರಿಗೇ ಆಮಾ ಒಪ್ಪಿದ್ದಾಳೆ. “ಮಕ್ಕಳು ಎಲ್ಲಿದ್ರೇನು, ಚೆನ್ನಾಗಿದ್ರೆ ಸಾಕು,” ಎಂದಳು. ಮನೆತನ ಉಳಿಸಿಕೊಳ್ಳಬೇಕಾದ ಕೊನೆಯ ಮಗಳನ್ನು ಮನೆ ಬಿಟ್ಟು ಹೋಗಲು ಬಿಡುವ ತಾಯಿ ಈ ಊರಲ್ಲಿ ಇನ್ನೊಬ್ಬಳಿಲ್ಲ.

ಏಪ್ರಿಲ್ 30

ಆಮಾ ನಮಗೆ ಪೂರ್ವದ ಕೋಣೆ ಬಿಟ್ಟುಕೊಟ್ಟಿದ್ದಾಳೆ. ಹೊಸ ಮಂಚ, ಹೊಸ ಸೊಳ್ಳೆಪರದೆ, ಅವನ ನಳಿಗೆಗಳಿಗೆ ಗೋಡೆಯುದ್ದಕ್ಕೂ ಹಲಗೆ. ಎರಡು ತಿಂಗಳಿಗೆ ಇಷ್ಟೆಲ್ಲ ಏಕೆಂದು ವಾಲ್ಸೆಂಗ್ ಸಂಕೋಚಪಟ್ಟ. ದಿನಾ ಒಣಮೀನಿನ ಸಾರು, ಭಾನುವಾರ ಕೋಳಿ, ಬೇಡವೆಂದರೂ ಎರಡನೇ ಸಲ ಅಂಟಕ್ಕಿ ಅನ್ನ. ಊಟ ಮುಗಿಸಿ ಅವನು ಸೊಂಟದ ಗುಂಡಿ ಸಡಿಲಿಸುವುದನ್ನು ಆಮಾ ಓರೆಗಣ್ಣಲ್ಲಿ ನೋಡಿ ಖುಷಿಪಡುತ್ತಾಳೆ. ನನಗಂತೂ ಅವನು ಚಪ್ಪರಿಸುವ ಸದ್ದು ಸಂಗೀತ.

ಮೇ 12

ಇವತ್ತು ನನ್ನ ಜೀವನದ ಅತ್ಯಂತ ಸುಂದರ ದಿನ (ಮದುವೆಯ ದಿನ ಬಿಟ್ಟು, ಹೋದ ಮಂಗಳವಾರ ಬಿಟ್ಟು). ವಾಲ್ಸೆಂಗ್ ನನ್ನನ್ನು ಗುಡ್ಡಕ್ಕೆ ಕರೆದುಕೊಂಡು ಹೋದ. ನಮ್ಮದೇ ಗುಡ್ಡ. ಚಿಕ್ಕವಳಿದ್ದಾಗ ನೂರು ಸಲ ಹತ್ತಿದ್ದೇನೆ. ಆದರೆ ‘ದೆವ್ವದ ಬುಟ್ಟಿ’ ಎಂದು ಹೆದರಿಸುತ್ತಿದ್ದ ಆ ಗಿಡದ ಪಕ್ಕ ಮೊಣಕಾಲೂರಿ ಕೂತದ್ದು ಇದೇ ಮೊದಲು.

ಎಲೆಯ ತುದಿ ಬಳ್ಳಿಯಂತೆ ಉದ್ದವಾಗಿ ಇಳಿದು, ಕೊನೆಯಲ್ಲಿ ಬಸುರಿಯ ಹಾಗೆ ಉಬ್ಬಿ, ಹೂಜಿಯಾಗಿ ನೇತಾಡುತ್ತದೆ. ಹಸಿರು ಮೈ, ಕೆಂಪು ತುಟಿ, ಮೇಲೊಂದು ಮುಚ್ಚಳ. ಶಿಲ್ಲಾಂಗಿನ ಶಾಲೆಯಲ್ಲಿ ಇದರ ಚಿತ್ರ ಬರೆದು ನಾನು ಹತ್ತಕ್ಕೆ ಹತ್ತು ತೆಗೆದಿದ್ದೆ. ಮುಚ್ಚಳ ಟಪ್ಪೆಂದು ಬೀಳುತ್ತದೆ ಎಂದೇ ಅಂದುಕೊಂಡಿದ್ದೆ.

“ಅಲ್ಲಾಡೋದೇ ಇಲ್ಲ ಕಣೇ ಅದು,” ಎಂದು ನಕ್ಕ. “ಬರೀ ಮಳೆಗೆ ಕೊಡೆ.”

“ಮತ್ತೆ ಹುಳ ಹಿಡಿಯೋದು ಹ್ಯಾಗೆ?”

“ಹಿಡಿಯಲ್ಲ. ತುಟಿ ಮೇಲೆ ಜೇನು ಸುರಿಸ್ಕೊಂಡು ಸುಮ್ನಿರುತ್ತೆ. ನೋಡು, ಇರುವೆಗಳು ಸಾಲು ಹಿಡಿದು ಬರ್ತಿವೆ. ಇವತ್ತು ತುಟಿ ಒಣಗಿದೆ, ಜಾರಲ್ಲ. ತಿಂದು ವಾಪಸ್ಸು ಹೋಗಿ ಬಳಗಕ್ಕೆಲ್ಲ ಹೇಳ್ತವೆ. ನಾಳೆ ಮಳೆ ಬಂದು ತುಟಿ ನೆನೆದಾಗ ಬಳಗ ಸಮೇತ ಒಳಗೆ.”

“ಹತ್ತಿ ಬರಬಾರದಾ?”

“ಒಳಗೋಡೆ ತುಂಬ ಮೇಣದ ಪುಡಿ. ಕಾಲಿಟ್ರೆ ಪುಡಿ ಪಾದಕ್ಕೆ ಅಂಟಿ ಉದುರುತ್ತೆ, ಹಿಡಿತ ಸಿಗಲ್ಲ. ಕೆಳಗೆ ನೀರು. ಅದು ನೀರಲ್ಲ, ಹೊಟ್ಟೆ. ಮೆತ್ತಗಿರೋದೆಲ್ಲ ಕರಗಿ ಗಿಡದ ಮೈಗೆ ಸೇರುತ್ತೆ. ರೆಕ್ಕೆ, ಚಿಪ್ಪು ತಳದಲ್ಲಿ ಉಳಿಯುತ್ತೆ.”

“ಪಾಪಿ ಗಿಡ!”

“ಪಾಪ ಎಲ್ಲಿ ಬಂತು? ಈ ಮಣ್ಣಲ್ಲಿ ಸಾರವೇ ಇಲ್ಲ. ಬೇರಿಗೆ ಸಿಗದ್ದನ್ನ ಎಲೆಯಿಂದ ತಿನ್ನುತ್ತೆ.”

ಒಂದು ಹೂಜಿಯನ್ನು ಬಾಗಿಸಿ ತೋರಿಸಿದ. ಸತ್ತ ಇರುವೆಗಳ ನಡುವೆ ಸೊಳ್ಳೆಮರಿಗಳು ಕುಣಿಯುತ್ತಿದ್ದವು! ಅವು ಅಲ್ಲೇ ಹುಟ್ಟಿ ಅಲ್ಲೇ ಬೆಳೆಯುತ್ತವಂತೆ, ಗಿಡ ಅವನ್ನು ಏನೂ ಮಾಡುವುದಿಲ್ಲವಂತೆ. “ಮನೆಮಕ್ಕಳು,” ಎಂದ.

ಇನ್ನೂ ಮುಚ್ಚಳ ಬಿರಿಯದ ಎಳೆಯ ಹೂಜಿಗಳಿಗೆ ಅವನು ಕೆಂಪು ದಾರ ಕಟ್ಟಿದ್ದಾನೆ. ಅವನ ಪ್ರಯೋಗವೆಲ್ಲ ಅವುಗಳ ಮೇಲೇ. ಹುಳು ಕಾಣದ ಹೂಜಿಯ ನೀರಿಗೂ ಕರಗಿಸುವ ಶಕ್ತಿ ಇದೆಯೇ, ಅಥವಾ ಮೊದಲ ಹುಳು ಬಿದ್ದ ಮೇಲೆ ಬರುತ್ತದೆಯೇ, ಇದೇ ಪ್ರಶ್ನೆ. ಜೂನ್ ಕೊನೆಗೆ ಅವು ಬಿರಿಯುತ್ತವೆ. ಬಿರಿದ ದಿನ ಕೆಲವಕ್ಕೆ ಇರುವೆ ಹಾಕಿ, ಕೆಲವನ್ನು ಹಸಿದೇ ಬಿಟ್ಟು, ನೀರು ಹೋಲಿಸಿ ನೋಡಬೇಕಂತೆ. ಮಾತಾಡುವಾಗ ಅವನ ಕಿವಿ ಕೆಂಪಗಾಗುತ್ತದೆ. ನನ್ನನ್ನು ಮುದ್ದಿಸುವಾಗಲೂ ಅಷ್ಟು ಕೆಂಪಾಗುವುದಿಲ್ಲ. ಹೊಟ್ಟೆಕಿಚ್ಚು ಬಂತು, ಒಂದು ಕ್ಷಣ ಮಾತ್ರ.

ಮೇ 31

ಆಮಾ ಅವನಿಗೆ ಮೋಟಾರ್‌ಸೈಕಲ್ ತರಿಸಿದ್ದಾಳೆ! ನೀಲಿ ಬಣ್ಣದ್ದು!

“ಮಾನಿ, ಇನ್ನೊಂದು ತಿಂಗಳಲ್ಲಿ ಹೋಗೋರಿಗೆ ಇದೆಲ್ಲ ಯಾಕೆ?” ಎಂದ ವಾಲ್ಸೆಂಗ್. ಅತ್ತೆಯನ್ನು ಮಾನಿ ಎಂದು ಅವನು ಕರೆದಾಗಲೆಲ್ಲ ಆಮಾನ ಮುಖ ಅರಳುತ್ತದೆ.

“ಹೋಗೋವರೆಗೂ ಓಡಿಸಪ್ಪ. ಗೇರುತೋಟಕ್ಕೆ ಒಂದು ಸುತ್ತು ಹೋಗಿಬಂದ್ರೆ ನನ್ನ ಕಾಲಿಗೂ ಉಪಕಾರ.”

ಸಂಜೆ ಜಗಲಿಯಲ್ಲಿ ಆಪಾ ಬುಟ್ಟಿ ಹೆಣೆಯುತ್ತಿದ್ದರು. ವಾಲ್ಸೆಂಗ್ ಅವರ ಪಕ್ಕ ಕೂತು ಬಿದಿರು ಸೀಳಿಕೊಡುತ್ತಿದ್ದ. ನಾನು ಒಳಗೆ ಬಟ್ಟೆ ಮಡಿಸುತ್ತಾ ಕೇಳಿಸಿಕೊಂಡೆ.

“ಮಾಮಾ, ನೀವು ಫುಟ್‌ಬಾಲ್ ಆಡ್ತಿದ್ರಂತೆ?”

“ಗೋಲ್‌ಕೀಪರ್. ಶಿಲ್ಲಾಂಗಿನ ತಂಡದೋರು ಬಾ ಅಂದಿದ್ರು.”

“ಹೋಗ್ಲಿಲ್ವಾ?”

“ಸುಗ್ಗಿ ಮುಗಿಸಿ ಹೋಗು ಅಂದ್ರು ಇಲ್ಲಿ. ಯಾವ ಸುಗ್ಗಿ ಅಂತ ನಾನೂ ಕೇಳ್ಲಿಲ್ಲ.”

ಆಪಾ ತಮಾಷೆ ಮಾಡಿದ್ದನ್ನು ನಾನು ಕೇಳಿದ್ದೇ ಅಪರೂಪ. ನಕ್ಕುಬಿಟ್ಟೆ. ಹೊರಗೆ ಇಬ್ಬರೂ ಬಿದಿರಿನ ಮಾತಿಗೆ ಹೊರಳಿದರು.

ಜೂನ್ 15

ಆಮಾನ ಬಲಗಣ್ಣು ಮಂಜಾಗಿದೆಯಂತೆ. ಬಾಗ್ಮಾರಾದ ಡಾಕ್ಟರ ಬಳಿ ಹೋಗೋಣವೆಂದೆ. “ಡಾಕ್ಟ್ರು ಯಾಕೆ ಮಗಳೇ, ನಮ್ಮಜ್ಜಿ ಬಿರಿಯದ ಹೂಜಿ ನೀರು ಬಿಡೋರು, ಎರಡು ದಿನಕ್ಕೆ ಸರಿಹೋಗೋದು. ಆದ್ರೆ ಈಗ ಯಾರು ಹುಡುಕ್ತಾರೆ, ಬಿಡು,” ಎಂದಳು. ಎಷ್ಟು ನಿಸ್ಪೃಹ ಜೀವ! ಅವಳು ಬಾಯಿಬಿಟ್ಟು ಏನನ್ನೂ ಕೇಳುವವಳಲ್ಲ.

ವಾಲ್ಸೆಂಗ್ ತೋಟದ ಆಳುಗಳ ಜೊತೆ ಹೋಗಿದ್ದ. ನಾನೊಬ್ಬಳೇ ಗುಡ್ಡ ಹತ್ತಿದೆ. ಹತ್ತಿರದ ಗಿಡಗಳಲ್ಲೆಲ್ಲ ಬಾಯಿ ತೆರೆದ ಹೂಜಿಗಳೇ. ಬಿರಿಯದವು ಎಲೆಗಳ ಸಂದಿಯಲ್ಲಿ ಅಡಗಿ ಕಣ್ಣಿಗೇ ಬೀಳುವುದಿಲ್ಲ. ಕೆಂಪು ದಾರ ಇಲ್ಲದಿದ್ದರೆ ದೇವರಾಣೆ ಒಂದೂ ಸಿಗುತ್ತಿರಲಿಲ್ಲ! ಎಷ್ಟು ಬೇಕಾಗುತ್ತದೋ ತಿಳಿಯದೆ ಎಲ್ಲವನ್ನೂ ಕಿತ್ತುಕೊಂಡೆ. ಒಂದನ್ನೋ ಎರಡನ್ನೋ ಬಿಡಬಹುದಿತ್ತು. ಆದರೆ ಔಷಧಿಯಲ್ಲಿ ಜಿಪುಣತನ ಮಾಡಬಾರದು. ಅಮ್ಮನ ಕಣ್ಣಿಗಿಂತ ಪ್ರಯೋಗ ದೊಡ್ಡದೇ? ಅವನೇ ಇದ್ದಿದ್ದರೂ ಕಿತ್ತುಕೊಡುತ್ತಿದ್ದ.

ಆಮಾ ಎರಡು ಹನಿ ಬಿಟ್ಟುಕೊಂಡು, ಮಿಕ್ಕದ್ದನ್ನು ಚರ್ಚಿನ ಹೆಂಗಸರಿಗೆ ಹಂಚಿದಳು. ಆಗಲೇ ಗುಣ ಕಾಣುತ್ತಿದೆ. ದೀಪ ಹಚ್ಚುವ ಮೊದಲೇ ಕೂತು, ವಾಲ್ಸೆಂಗನ ಅಂಗಿಗೆ ಗುಂಡಿ ಹೊಲಿಯಲು ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದಳು.

ಜೂನ್ 17

ಅವನು ಗುಡ್ಡದಿಂದ ಬಂದ. ಕೈಯಲ್ಲಿ ಕೆಂಪು ದಾರದ ತುಂಡುಗಳಿದ್ದವು.

“ಸಿಲ್ಚಿ, ಗೊತ್ತಿದ್ದೂ ಕಿತ್ತೆಯಾ?”

“ಆಮಾನ ಕಣ್ಣು...”

“ಒಂದು ಸಾಕಿತ್ತಲ್ಲ.”

ಬೈಯಲಿಲ್ಲ, ಕೂಗಲಿಲ್ಲ. ಬೈದಿದ್ದರೆ ಅತ್ತು ಮುಗಿಸಬಹುದಿತ್ತು. ಮೂರು ಸಲ ಕ್ಷಮೆ ಕೇಳಿದೆ, ಮೂರು ಸಲವೂ “ಆಯ್ತು ಬಿಡು” ಎಂದ. ಆಮಾ ಅವನಿಗೆಂದು ಹಂದಿಮಾಂಸ ಮಾಡಿದ್ದಳು. ಉಂಡ.

ಜೂನ್ 24

ಕಾಲೇಜಿನ ಪ್ರೊಫೆಸರು ಫೋನಿನಲ್ಲಿ ಹೇಳಿದರಂತೆ, ಫಲಿತಾಂಶವಿಲ್ಲದೆ ಈ ವರ್ಷ ಕೆಲಸವಿಲ್ಲ, ಬೇರೆಯವರನ್ನು ತೆಗೆದುಕೊಳ್ಳುತ್ತೇವೆ, ಮುಂದಿನ ಮಳೆಗಾಲದ ಹೊಸ ಹೂಜಿಗಳ ಮೇಲೆ ಮತ್ತೆ ಮಾಡಿ ತಂದರೆ ನೋಡೋಣ. ವಾಲ್ಸೆಂಗನಿಗೆ ಬೇಸರವಾಗಿದೆ, ಪಾಪ. ಆದರೆ ಇನ್ನೊಂದು ಪೂರ್ತಿ ವರ್ಷ ಎಲ್ಲರೂ ಒಟ್ಟಿಗೆ! ನಾನು ಹಾಗೆಂದು ಅವನ ಕುತ್ತಿಗೆಗೆ ಜೋತುಬಿದ್ದೆ. ಗೋಡೆಗೆ ಜೋತುಬಿದ್ದ ಹಾಗಾಯಿತು.

ಗುವಾಹಾಟಿಯ ಕೋಣೆ ಬೇಡವೆಂದು ಹೇಳಿಬಿಡು ಎಂದೆ. ಆಗಲೇ ಬಾಡಿಗೆ ಕಟ್ಟಿದ್ದಾನಂತೆ, ಇರಲಿ ಎಂದ.

ಜುಲೈ 10

ಈಗ ಮನೆಯ ಯಜಮಾನನ ಕಳೆ ಬಂದಿದೆ ಅವನಿಗೆ. ಆಳುಗಳ ಕೂಲಿ ಅವನದೇ ಕೈಯಲ್ಲಿ. ಯಾವ ಇಳಿಜಾರು ಕಡಿದು ಸುಟ್ಟು ಬಿತ್ತಬೇಕೆಂದು ಊರವರು ಅವನನ್ನೇ ಕೇಳುತ್ತಾರೆ. ಕೆನ್ನೆ ತುಂಬಿದೆ, ಸಣ್ಣ ಹೊಟ್ಟೆಯೂ ಬಂದಿದೆ. ನನಗಂತೂ ಮೊದಲಿಗಿಂತ ಚೆಂದ ಕಾಣುತ್ತಾನೆ.

“ಆ ಇರುವೆ ಕಥೆ ಇನ್ನೊಂದ್ಸಲ ಹೇಳು,” ಎಂದೆ ನಿನ್ನೆ.

“ಮರೆತೋಯ್ತು.”

ಹಲಗೆಯ ಮೇಲಿನ ನಳಿಗೆಗಳಲ್ಲಿ ಆಮಾ ಮೆಣಸಿನಬೀಜ ತುಂಬಿಟ್ಟಿದ್ದಾಳೆ. ಅವನೇ ಕೊಟ್ಟನಂತೆ. ಗಿಟಾರಿಗೆ ಬೂಷ್ಟು ಹಿಡಿದಿತ್ತು. ನಾನೇ ಒರೆಸಿಟ್ಟೆ.

ಜುಲೈ 27

ವಾಲ್ಸೆಂಗ್ ಇಲ್ಲ.

ಬೆಳಿಗ್ಗೆ ಎದ್ದಾಗ ಪಕ್ಕ ಖಾಲಿಯಿತ್ತು. ತೋಟಕ್ಕೆ ಹೋಗಿರಬೇಕೆಂದುಕೊಂಡೆ. ಚಹಾ ಕುದಿಯುವ ಹೊತ್ತಿಗೆ ನೀಲಿ ಬೈಕಿನ ಮೇಲೆ ಆಪಾ ಬಂದರು, ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ. ಅವರಿಗೆ ಬೈಕು ಓಡಿಸಲು ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ.

“ಅವನೆಲ್ಲಿ?”

“ತುರಾಕ್ಕೆ ಹೋಗೋ ಸುಮೊ ಗಾಡಿ ಹತ್ತಿಸಿ ಬಂದೆ. ಅಲ್ಲಿಂದ ಗುವಾಹಾಟಿಗೆ ಹೋಗ್ತಾನೆ.”

“ಯಾರು ಹೇಳಿದ್ದು ನಿಮಗೆ?”

“ಯಾರೂ ಹೇಳ್ಲಿಲ್ಲ. ಈ ಮನೇಲಿ ಯಾರೂ ಹೇಳದೆ ನಾನು ಮಾಡಿದ ಮೊದಲನೇ ಕೆಲಸ ಇದು.”

“ನನ್ನನ್ನ ಎಬ್ಬಿಸ್ಬೇಕು ಅನ್ನಿಸ್ಲಿಲ್ವಾ ಅವನಿಗೆ?”

“ಅನ್ನಿಸ್ತು. ಎಬ್ಬಿಸ್ತೀನಿ ಅಂತ ಒಳಗೂ ಬಂದ. ನಾನೇ ತಡೆದೆ. ನೀನೊಂದು ಸಲ ‘ಎಲ್ಲಿಗೆ’ ಅಂದಿದ್ರೆ ಅಲ್ಲೇ ಕೂತುಬಿಡ್ತಿದ್ದ.”

ನಾನು ಏನೇನೋ ಅಂದೆ. ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಅಂದೆ, ನಮ್ಮ ಭಾಷೆಯಲ್ಲಿ ತಂದೆಗೆ ಅನ್ನಲಾಗದ ಮಾತುಗಳವು. ಆಮಾ ಒಲೆಯ ಮುಂದಿನಿಂದ ಏಳಲೇ ಇಲ್ಲ. “ಬಿಸಿನೀರು ಕಾದಿದೆ, ಮೊದ್ಲು ಸ್ನಾನ ಮಾಡಿ ಬನ್ನಿ,” ಎಂದಳು ಆಪಾಗೆ. ಆಪಾ ಎದ್ದುಹೋದರು.

ಜುಲೈ 28

ಮಳೆ. ಉಣ್ಣಲಿಲ್ಲ.

ಆಗಸ್ಟ್ 3

ಫೋನು ಬಂತು. ದನಿ ಹಳೆಯ ವಾಲ್ಸೆಂಗನದು, ಅವಸರದ್ದು, ಒಂದರ ಮೇಲೊಂದು ಮಾತು. ಕಾಲೇಜಿನಲ್ಲಿ ಗಾಜು ತೊಳೆಯುವ ಕೆಲಸ ಸಿಕ್ಕಿದೆಯಂತೆ, ಸಂಜೆ ಅಲ್ಲೇ ಸ್ವಂತ ಪ್ರಯೋಗ ಮಾಡಲು ಬಿಡುತ್ತಾರಂತೆ. ಗಾಜು ತೊಳೆಯುವುದಂತೆ! ನಮ್ಮ ಮನೆಯ ಅಳಿಯ!

“ಸಿಲ್ಚಿ, ಬಾರೇ. ಕೋಣೆ ಚಿಕ್ಕದು, ನದಿ ಕಾಣ್ಸುತ್ತೆ. ನೀನೂ ಇಲ್ಲೇ ಶಾಲೇಲಿ ಪಾಠ ಹೇಳ್ಬಹುದು.”

“ಮನೆ?”

“ಮನೆ ಎಲ್ಲಿಗೆ ಹೋಗುತ್ತೆ? ಆಮೇಲೆ ವಾಪಸ್ಸು ಬರೋಣ, ಇಬ್ರೂ ಬರೋಣ. ಈಗ ನೀನು ಬಾ. ಒಬ್ಬಳೇ ಬಾ.”

ಹೂಂ ಎನ್ನಲು ಬಾಯಿ ತೆರೆದೆ. ನಿಜವಾಗಿಯೂ ತೆರೆದೆ. ಆಮಾ ಒಳಗಿನಿಂದ ಕೆಮ್ಮಿದಳು. ಆಮೇಲೆ ಮಾಡುತ್ತೇನೆ ಎಂದು ಇಟ್ಟುಬಿಟ್ಟೆ. ಎರಡು ಅಂಗಿ, ಒಂದು ಕೊಡೆ ತೆಗೆದು ಚೀಲಕ್ಕೆ ಹಾಕಿದೆ. ಸಂಜೆ ಅವನ್ನು ಮತ್ತೆ ಪೆಟ್ಟಿಗೆಯಲ್ಲಿ ಇಟ್ಟೆ.

ಆಗಸ್ಟ್ 9

ಎರಡೂ ಮನೆತನದವರು ನಮ್ಮ ಜಗಲಿಯಲ್ಲಿ ಕೂತರು. ಅಡಿಕೆ, ಕೆಂಪು ಚಹಾ, ಎರಡು ತಾಸು ಬರೀ ಮಳೆಬೆಳೆ ಮಾತು. ಕೊನೆಗೆ ವಾಲ್ಸೆಂಗನ ಕಡೆಯ ಹಿರಿಯರು ತಲೆ ತಗ್ಗಿಸಿ ಹೇಳಿದರು, “ತಪ್ಪು ನಮ್ಮದು. ಬದಲಿಗೆ ಇನ್ನೊಬ್ಬ ಹುಡುಗನ್ನ ಕೊಡ್ತೀವಿ. ಅವನ ದೊಡ್ಡಮ್ಮನ ಮಗ. ಓದಿಲ್ಲ, ಆದ್ರೆ ಓಡಿಹೋಗೋ ಬುದ್ಧೀನೂ ಇಲ್ಲ.”

ಆಮಾ ನನ್ನ ಮುಖ ನೋಡಿದಳು. ಅವಳಿಗೆ ಯಾರಾದರೂ ಆದೀತು ಎಂದು ಆಗ ಹೊಳೆಯಿತು. ನನಗಾಗದು.

“ನನಗೆ ವಾಲ್ಸೆಂಗೇ ಬೇಕು,” ಎಂದೆ. ಅಷ್ಟು ಜನರ ಎದುರು, ಗಟ್ಟಿಯಾಗಿ.

ವಿನ್ನರ್‌ಸನ್ ಮಾಮಾ ತೊಡೆ ತಟ್ಟಿದರು. “ಭಲೆ! ನಮ್ಮಜ್ಜನ ಕಾಲದಲ್ಲಿ ಗಂಡನ್ನ ಬಲವಂತವಾಗಿ ಹೊತ್ಕೊಂಡೇ ಬರೋರು. ಬಂದೋನು ಓಡಿಹೋಗ್ಲೇಬೇಕಿತ್ತು. ಓಡದೆ ಕೂತ್ರೆ, ಥೂ, ಹೊಟ್ಟೆಬಾಕ, ಹೆಂಡತಿ ಮನೆ ಅನ್ನಕ್ಕೆ ಬಿದ್ದವನು ಅಂತ ನಗೋರು. ಓಡಿದ್ರೆ ಹುಡುಗರು ಹೋಗಿ ಹಿಡಿದು ತರೋರು. ಮತ್ತೆ ಓಡಿದ್ರೆ ಮತ್ತೆ ತರೋರು.”

“ಆಮೇಲೂ ಓಡಿದ್ರೆ?” ಆಪಾ ಕೇಳಿದರು, ಬುಟ್ಟಿಯಿಂದ ತಲೆ ಎತ್ತದೆ.

“ಬಿಟ್ಬಿಡೋರು. ಆದ್ರೆ ಅಲ್ಲೀತನಕ ಹೋದೋರು ಎಷ್ಟು ಜನ, ಭಾವ?”

ಎಲ್ಲರೂ ನಕ್ಕರು. ನನ್ನ ಎದೆಯ ಮೇಲಿನ ಕಲ್ಲು ಇಳಿದು ಹೋಯಿತು! ಇಷ್ಟು ದಿನ ನಾನು ಅವಮಾನವೆಂದು ಅಳುತ್ತಿದ್ದುದು ಅವಮಾನವೇ ಅಲ್ಲ. ಮರ್ಯಾದಸ್ಥ ಗಂಡು ಓಡುತ್ತಾನೆ. ವಾಲ್ಸೆಂಗ್ ತನಗೇ ಗೊತ್ತಿಲ್ಲದೆ ಹಿರಿಯರ ಪದ್ಧತಿ ನಡೆಸಿದ್ದಾನೆ. ಇನ್ನು ನಡೆಸಬೇಕಾದದ್ದು ನಮ್ಮ ಪಾಲಿನದು.

ಆಗಸ್ಟ್ 13

ಎಲ್ಲ ಸಿದ್ಧವಾಗಿದೆ! ಅಂಟಕ್ಕಿ ಅನ್ನವನ್ನು ಎಲೆಯಲ್ಲಿ ಕಟ್ಟಿದ್ದೇನೆ, ಹಂದಿಮಾಂಸ ಹುರಿದಿಟ್ಟಿದ್ದೇನೆ. ಗುಡ್ಡವನ್ನೇ ಅವನ ಹೆಸರಿಗೆ ಬಿಟ್ಟುಕೊಡುತ್ತೇನೆ, ಪ್ರಯೋಗಕ್ಕೆ ಅಲ್ಲೇ ಒಂದು ಗುಡಿಸಲು ಹಾಕಿಸಿಕೊಡುತ್ತೇನೆ ಎಂದು ಆಮಾ ಹೇಳಿದ್ದಾಳೆ. ಇನ್ನೇನು ಬೇಕು ಅವನಿಗೆ? ಕೇಳಿದರೆ ಕುಣಿದಾಡುತ್ತಾನೆ. ಫೋನಿನಲ್ಲಿ ಅದನ್ನೆಲ್ಲ ಹೇಳಲಿಲ್ಲ, ಮುಖ ನೋಡಿ ಹೇಳಬೇಕು.

ಬರುತ್ತಿದ್ದೇನೆ ಎಂದಷ್ಟೇ ಹೇಳಿದೆ. ಅವನು, “ನಿಜವಾಗ್ಲೂ? ಒಬ್ಬಳೇನಾ?” ಎಂದ. ಅತ್ತಿರಬೇಕು.

“ಒಬ್ಬಳೇ,” ಎಂದೆ.

ಅದು ಸುಳ್ಳೇನಲ್ಲ. ರೈಲಿನಲ್ಲಿ ಹೆಂಗಸರ ಡಬ್ಬಿಯಲ್ಲಿ ನಾನೊಬ್ಬಳೇ ಕೂರುತ್ತೇನೆ. ಮಾಮಾ ಮತ್ತು ಅವರ ಇಬ್ಬರು ಮಕ್ಕಳು ಹಿಂದಿನ ಡಬ್ಬಿಯಲ್ಲಿರುತ್ತಾರೆ. ಗುವಾಹಾಟಿ ಸ್ಟೇಷನ್ನಿನ ಹೊರಗೆ ಸುಮೊ ನಿಂತಿರುತ್ತದೆ. ಯಾರೂ ಅವನನ್ನು ನೋಯಿಸುವುದಿಲ್ಲ, ನಾನು ಮೊದಲೇ ಆಣೆ ಹಾಕಿಸಿಕೊಂಡಿದ್ದೇನೆ. “ನಾವೇನು ಕಳ್ಳನ್ನ ಹಿಡೀತೀವಾ? ಎರಡು ಕಡೆಯಿಂದ ಎರಡು ಕೈ ಹಿಡ್ಕೋತೀವಿ, ಅಷ್ಟೇ. ನೀನು ಮುಂದೆ ನಿಂತು ನಗ್ತಾ ಇರು,” ಎಂದರು ಮಾಮಾ. ನಗುವುದು ನನಗೆ ಕಷ್ಟವೇ?

ಆಪಾ ಬಾಗಿಲಿಗೆ ಬಂದು ನಿಂತರು. “ಒಬ್ಬಳೇ ಹೋಗ್ತಿದ್ದೀಯಾ ಮಗಳೇ? ಹೋಗಿ ಅಲ್ಲೇ ಇದ್ದುಬಿಡ್ತೀಯಾ?” ಅವರ ಮುಖದಲ್ಲಿ ಎಂಥದೋ ಆಸೆ ಇತ್ತು, ಎಳೆಯ ಹುಡುಗನದು. ಸಿಟ್ಟು ಬಂತು. ಮಾತಾಡದೆ ಪೊಟ್ಟಣಕ್ಕೆ ಹುರಿ ಬಿಗಿದೆ. ಅವರಿಗೆ ಅರ್ಥವಾಗಿರಬೇಕು. ಬೈಕಿನ ಕೀಲಿ ಹುಡುಕಿದರು. ಅದನ್ನು ಆಮಾ ಎರಡು ವಾರದ ಹಿಂದೆಯೇ ಸೆರಗಿಗೆ ಕಟ್ಟಿಕೊಂಡಿದ್ದಾಳೆ. ಮನೆಯಲ್ಲಿರುವ ಒಂದೇ ಫೋನು ನನ್ನ ಬಳಿ ಇದೆ.

ಯಾವ ಅಂಗಿ ತೊಟ್ಟುಕೊಂಡು ಬಂದಿರುತ್ತಾನೋ! ಬಡಕಲಾಗಿರುತ್ತಾನೆ, ಖಂಡಿತ. ಬೇಗ ಮೈ ತುಂಬಿಸೋಣ. ಅವನಿಗೆ ಈಗಷ್ಟೇ ಇನ್ನೊಮ್ಮೆ ಸಂದೇಶ ಕಳಿಸಿದೆ, ಮರೆಯದಿರಲೆಂದು: ಗುರುವಾರ, ಮೆಂದಿಪಥಾರಿನಿಂದ ಹೊರಡುವ ಮಧ್ಯಾಹ್ನದ ಪ್ಯಾಸೆಂಜರ್, ಸಂಜೆ ಗುವಾಹಾಟಿಯಲ್ಲಿ ಇಳಿಯುತ್ತೇನೆ, ಮುಂದಿನಿಂದ ಎರಡನೇ ಡಬ್ಬಿ.